ದಾರ ಕಟ್ಟಿದ ಕೋಲು

ಹೋಗುವಾಗಿನ ಅಳತೆ ಹೀಗಿತ್ತು. ನೆಲದಿಂದ, ಟ್ರೇಲರಿನ ಮೇಲೆ ಹೇರಿದ, ಕಬ್ಬಿನ ರಸ ಕುದಿಸುವ ಭಾರಿ ಹಂಡೆಯ ತುದಿಗೆ ಐದು ಮೀಟರ್ ಹತ್ತು ಸೆಂಟಿಮೀಟರ್. ಅದರ ಮೇಲೆ ಅಂಗಾತ ಮಲಗಿದ ಈರಣ್ಣನ ಎದೆಯ ದಪ್ಪ ಇಪ್ಪತ್ತನಾಲ್ಕು ಸೆಂಟಿಮೀಟರ್. ರೈಲ್ವೆ ಸೇತುವೆಯ ತಳ ಐದು ಮೀಟರ್ ನಲವತ್ತೆರಡು. ಉಳಿದದ್ದು ಎಂಟು ಸೆಂಟಿಮೀಟರ್. ಬಾಳಕೃಷ್ಣರಾಯರು ಎರಡು ಸಲ ಕೂಡಿ ಕಳೆದು ಸಹಿ ಹಾಕಿದ್ದರು.

ಪುಣೆಯ ಮಾರ್ಕೆಟ್ ಯಾರ್ಡಿನ ಬಳಿಯ ಸಾಗಣೆ ಕಂಪನಿಯೊಂದರಲ್ಲಿ ಅವರದು ಅಳತೆಯ ಕೆಲಸ. ಗಾತ್ರ ಮೀರಿದ ಸರಕು ಹೊರಟರೆ ಮುಂದೆ ಅವರ ಜೀಪು ಹೋಗುತ್ತದೆ. ಜೀಪಿಗೆ ಸಿಕ್ಕಿಸಿದ ಕೋಲನ್ನು ಸರಕಿನ ಮೇಲೆ ಮಲಗಿದ ಆಳಿನ ಎದೆಯ ಎತ್ತರಕ್ಕೆ ಹೊಂದಿಸಿ, ತುದಿಗೆ ಗಂಟೆ ಕಟ್ಟಿರುತ್ತಾರೆ. ಗಂಟೆ ಬಡಿದಲ್ಲಿ ಹಿಂದಿನ ಗಾಡಿ ನಿಲ್ಲಬೇಕು. ಆಳು ಒಣ ಬಿದಿರು ಹಿಡಿದು ಮೇಲೆ ಕೂತು ಅಡ್ಡಬರುವ ತಂತಿಗಳನ್ನು ಎತ್ತುತ್ತಾನೆ. ಸೇತುವೆ ಬಂದರೆ ಮಲಗುತ್ತಾನೆ. ಹದಿನಾಲ್ಕು ವರ್ಷಗಳಿಂದ ಆ ಆಳು ಬೈಲಹೊಂಗಲದ ಈರಣ್ಣ. ಇಳಿದು ಹತ್ತಲು ಇಪ್ಪತ್ತು ನಿಮಿಷ ಹಿಡಿಯುವುದರಿಂದ ಅವನನ್ನು ಯಾರೂ ಇಳಿಸುತ್ತಿರಲಿಲ್ಲ.

ಹೊರಡುವ ಮುನ್ನ ಕಾಯಿ ಒಡೆದು, ಕೋಲಿನ ಎತ್ತರ ಹೊಂದಿಸುವ ತಿರುಪಿಗೆ ಅರಿಷಿಣದ ದಾರ ಸುತ್ತುವುದು ಅಲ್ಲಿನ ಪದ್ಧತಿ. ಗಾಡಿ ಯಾರ್ಡಿಗೆ ಮರಳುವವರೆಗೆ ಅದನ್ನು ಬಿಚ್ಚಬಾರದು. ರಾಯರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ಗಾಡಿ ಸಾಮಾನ್ಯವಾಗಿ ಬರಿದಾಗಿಯೇ ಮರಳುತ್ತಿದ್ದುದರಿಂದ ಬಿಚ್ಚುವ ಅಗತ್ಯವೂ ಬಂದಿರಲಿಲ್ಲ.

ಈ ಸಲ ಬರಿದಾಗಿ ಮರಳಲಿಲ್ಲ. ಬಾರಾಮತಿಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹೊಸ ಹಂಡೆಯನ್ನು ಇಳಿಸಿ, ಅದೇ ಆಕಾರದ ಹಳೆಯದನ್ನು ಗುಜರಿಗೆಂದು ಹೇರಿಕೊಂಡರು. ಕಬ್ಬಿನ ರಸ ಕುದಿಸಿ ಕುದಿಸಿ ಅದರ ತಗಡು ಸವೆದಿತ್ತು. ಒಳಗಿನ ಕೊಳವೆಗಳನ್ನೆಲ್ಲ ಕಿತ್ತಿದ್ದರು.

ದಾರಿಯಲ್ಲಿ ಚಹಾಕ್ಕೆ ನಿಂತಾಗ ಚಾಲಕ ಸಿದ್ದಲಿಂಗಪ್ಪ ಹೇಳಿದ, "ರಾಯರ, ಗಾಡಿ ಇವತ್ತ ಕುದುರಿ ಆಗ್ಯದ ನೋಡ್ರಿ. ಹೋಗುವಾಗ ನಲವತ್ತೆರಡು ಟನ್ನ, ಈಗ ಬರೇ ಹತ್ತೊಂಬತ್ತು. ಈರಣ್ಣನ ಹೊಟ್ಟಿ ಕೂಡಿಸಿದ್ರ ಇಪ್ಪತ್ತು."

"ನನ್ನ ಹೊಟ್ಟಿ ರಾಯರು ಅಳದಾರಪಾ," ಎಂದ ಈರಣ್ಣ. "ನಿನ್ನ ಬುದ್ಧಿ ಅಳಿಯಾಕ ಅಷ್ಟು ಸಣ್ಣ ಪಟ್ಟಿ ಅವರ ಹತ್ರ ಇಲ್ಲ."

ರಾಯರೂ ನಕ್ಕರು. ಇಪ್ಪತ್ತಮೂರು ಟನ್ ಕಡಿಮೆ ಎಂಬ ವ್ಯವಕಲನ ಅವರ ತಲೆಯಲ್ಲಿ ತಾನಾಗಿ ಆಯಿತು. ಅದರ ಮುಂದಿನ ಹೆಜ್ಜೆಯನ್ನು ಅವರು ಇಡಲಿಲ್ಲ. ಭಾರ ತಗ್ಗಿದರೆ ಸ್ಪ್ರಿಂಗಿನ ಪಟ್ಟಿಗಳು ಸಡಿಲಗೊಂಡು ಗಾಡಿಯೇ ಮೇಲೇಳುತ್ತದೆ.

ಮಧ್ಯಾಹ್ನ ಪುಣೆಯ ಅಂಚಿನ ಆ ಸೇತುವೆ ಬಂತು. ಹೋಗುವಾಗಿನ ಎತ್ತರದಲ್ಲೇ ಇದ್ದ ಕೋಲಿನ ಗಂಟೆ ಬಡಿಯಲಿಲ್ಲ. ರಾಯರು ಹಸಿರು ಬಾವುಟ ತೋರಿಸಿದರು. ಗಾಡಿ ನಡಿಗೆಯ ವೇಗದಲ್ಲಿ ಕೆಳಗೆ ಸೇರಿತು. ಮೇಲೆ ಮಲಗಿದ್ದ ಈರಣ್ಣನ ಸೀಟಿ ಕೇಳಿಸಿ ಅರ್ಧಕ್ಕೆ ನಿಂತಿತು.

ಸಿದ್ದಲಿಂಗಪ್ಪ ತಕ್ಷಣ ಬ್ರೇಕ್ ಒತ್ತಿದ. ಹಂಡೆಗೂ ಸೇತುವೆಯ ತೊಲೆಗೂ ನಡುವೆ ಇಪ್ಪತ್ತೊಂದು ಸೆಂಟಿಮೀಟರ್ ಇತ್ತು. ಅದರೊಳಗೆ ಇಪ್ಪತ್ತನಾಲ್ಕರ ಮನುಷ್ಯ ಸಿಕ್ಕಿಕೊಂಡಿದ್ದ. ಅವನ ಒಂದು ಕೈ ಅಂಚಿನಿಂದ ಕೆಳಗೆ ಜೋತಿತ್ತು.

"ಹಿಂದಕ್ಕ ತಗೋಲೇನ್ರಿ?"

"ಒಂದು ಬಟ್ಟೂ ಸರಸಬ್ಯಾಡ. ಎದಿ ಅರದು ಹೋಗ್ತದ. ಚಕ್ರಕ್ಕ ಕಟ್ಟಿಗಿ ಕೊಡು, ಟೈರಿನ ಗಾಳಿ ತಗದು ಗಾಡಿ ಇಳಸಬೇಕು."

ಸಿದ್ದಲಿಂಗಪ್ಪ ಹತ್ತಿರದ ಟೈರಿಗೆ ಕೈಹಾಕಿದ. ರಾಯರು ಅವನ ಮಣಿಕಟ್ಟು ಹಿಡಿದರು. "ಹಾಂಗಲ್ಲ. ಒಂದ ಬದಿ ಮೊದಲ ಇಳಿದ್ರ ಹಂಡೆ ವಾಲ್ತದ. ಮೂವತ್ತೆರಡು ಟೈರು, ಮೂವತ್ತೆರಡು ಜನ ಬೇಕು. ಎಲ್ಲಾರೂ ಒಂದ ಸಲಕ್ಕ."

ಹಿಂದೆ ಆಗಲೇ ವಾಹನಗಳು ಕಿಕ್ಕಿರಿದು ಹಾರ್ನ್ ಹೊಡೆಯುತ್ತಿದ್ದವು. ರಾಯರು ಅವರತ್ತ ನಡೆದು ಮರಾಠಿಯಲ್ಲಿ ಮೂರೇ ವಾಕ್ಯಗಳಲ್ಲಿ ವಿಷಯ ಹೇಳಿದರು. ಹಾರ್ನು ನಿಂತಿತು. ಬೈಕಿನಿಂದ ಇಳಿದ ಒಬ್ಬ ಕೇಳಿದ, "ಕಾಕಾ, ಚಾವಿ ಚಾಲೇಲ್ ಕಾ?" ವಾಲ್ವಿನ ಕಡ್ಡಿ ಒತ್ತಲು ಬೈಕಿನ ಚಾವಿ ಸಾಕು ಎಂದರು ರಾಯರು. ತೆಳ್ಳಗಿದ್ದವರು ಒಳಬದಿಯ ಟೈರುಗಳಿಗೆ ನುಸುಳಿದರು. ಇಬ್ಬರು ಹೆಂಗಸರೂ ಮೊಣಕಾಲೂರಿ ಕೂತರು.

"ಏಕ್, ದೋನ್, ತೀನ್..." ಇಪ್ಪತ್ತಕ್ಕೆ ಎಲ್ಲರೂ ಕೈ ತೆಗೆದರು. ರಾಯರು ಎಡಕ್ಕೂ ಬಲಕ್ಕೂ ಓಡಿ ಪಟ್ಟಿ ಹಿಡಿದರು. ಎರಡೂ ಕಡೆ ಒಂದು ಸೆಂಟಿಮೀಟರ್ ಇಳಿದಿತ್ತು. ಮತ್ತೆ ಎಣಿಸಿದರು. ಎರಡನೆಯ ಸುತ್ತಿನಲ್ಲಿ ಬಲಗಡೆ ಹೆಚ್ಚು ಇಳಿಯಿತು. ಎಡದವರಿಗೆ ಮಾತ್ರ ಐದರವರೆಗೆ ಎಣಿಸಿ ಸರಿಮಾಡಿದರು. ಮೂರನೆಯ ಸುತ್ತಿಗೆ ಜೋತಿದ್ದ ಕೈಯ ಬೆರಳು ಅಲುಗಿತು. ಐದನೆಯದಕ್ಕೆ ಸಿದ್ದಲಿಂಗಪ್ಪ ಹಿಂದಿನಿಂದ ಹತ್ತಿ, ಕಾಲು ಹಿಡಿದು ಈರಣ್ಣನನ್ನು ಮೆಲ್ಲಗೆ ಹೊರಗೆಳೆದ.

ಮೂರು ಪಕ್ಕೆಲುಬು ಮುರಿದಿದ್ದವು. ಆಸ್ಪತ್ರೆಯಲ್ಲಿ ಈರಣ್ಣನ ಹೆಂಡತಿ ನಾಗವ್ವ ರಾಯರಿಗೆ ಕುರ್ಚಿ ಸರಿಸಿಕೊಟ್ಟಳು. ಅವರು ಕೂರಲಿಲ್ಲ.

"ಎಷ್ಟು ಕಡಿಮಿ ಬಿದ್ದಿತ್ತರಿ?"

"ಮೂರು ಸೆಂಟಿಮೀಟರ್, ನಾಗವ್ವ."

ಅವಳು ಎರಡು ಬೆರಳು ಎತ್ತಿ ನಡುವೆ ಸಂದು ಬಿಟ್ಟಳು. "ಇಷ್ಟ?"

"ಇಷ್ಟ."

"ಹೋಗುವಾಗ ಅಳದ್ರಿ. ಬರುವಾಗ ಯಾಕ ಅಳಿಲಿಲ್ರಿ?"

ಮಂಚದಿಂದ ಈರಣ್ಣ ತಡೆತಡೆದು ಹೇಳಿದ, "ದಾರ ಕಟ್ಟಿತ್ತಲ್ಲ, ಬಿಚ್ಚೂ ಹಾಂಗಿಲ್ಲ."

"ದಾರದ ಮ್ಯಾಲ ಹಾಕಬ್ಯಾಡ," ಎಂದರು ರಾಯರು. "ಟನ್ನಿನ ಲೆಕ್ಕ ನನ್ನ ಕಿವಿಗೆ ಬಿದ್ದಿತ್ತು. ನಾ ಮುಂದ ಯೋಚನಿ ಮಾಡಲಿಲ್ಲ."

ನಾಗವ್ವ ಬೆರಳುಗಳನ್ನು ಹಾಗೆಯೇ ಹಿಡಿದಿದ್ದಳು. "ಹಂಗಾದ್ರ ಇನ್ನ ಮ್ಯಾಲ ಇವರನ್ನ ಇಳಿಸಿ ಗಾಡಿ ಬಿಡ್ರಿ. ಇಪ್ಪತ್ತು ನಿಮಿಷ ಹೋದ್ರ ಹೋಗಲಿ."

ರಾಯರು ಮುಂದಿನ ಸಾಗಣೆಯ ದಾರಿಪಟ್ಟಿಯನ್ನು ಕಿಸೆಯಿಂದ ತೆಗೆದರು. ಅದರಲ್ಲಿ ಐದು ಸೇತುವೆಗಳಿದ್ದವು. ಪ್ರತಿಯೊಂದರ ಎದುರೂ 'ಆಳು ಇಳಿಯಬೇಕು, ಇಪ್ಪತ್ತು ನಿಮಿಷ' ಎಂದು ಬರೆದರು. ಕೆಳಗೆ ನೂರು ನಿಮಿಷ ಎಂದು ಕೂಡಿಸಿ, ಸಹಿ ಹಾಕಿ, ನಾಗವ್ವನ ಕೈಗೆ ಕೊಟ್ಟರು.