ಕಸ್ತೂರಿಯ ಹೆಸರು ಹೊತ್ತ ಕರಿಹಲಗೆ

ನಾನು ಒಂದು ಕರಿಹಲಗೆ. ಗದಗಿನ ಬಡಿಗೇರ ಮೌನೇಶಪ್ಪ ನಾಲ್ಕು ಹಲಗೆ ಜೋಡಿಸಿ, ಕಪ್ಪು ಬಣ್ಣ ಬಳಿದು ನನ್ನನ್ನು ಮಾಡಿದ. ಬಣ್ಣ ಒಣಗುವ ಮೊದಲೇ ಹೊಸಳ್ಳಿ ಸರ್ ತಮ್ಮ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೊತ್ತೊಯ್ದರು.

ಸರ್ ಒಳ್ಳೆಯವರು. ಆದರೆ ಅವರದೊಂದು ಪದ್ಧತಿ ನನಗೆ ಸೇರುತ್ತಿರಲಿಲ್ಲ. ಶನಿವಾರ ನನ್ನ ಮೇಲೆ ಹೊಸ ಶಬ್ದಗಳನ್ನು ಬರೆಯುವರು. ಯಾವ ಶಬ್ದ ಯಾರಿಗೆ ಒಪ್ಪುತ್ತದೋ ಅದರ ಕೆಳಗೆ ಅವರ ಹೆಸರನ್ನು ಉಳಿದವರು ಬರೆಯಬೇಕು. ಹಾಗೆ ಮಾಡಿದರೆ ಶಬ್ದ ಮರೆಯುವುದಿಲ್ಲವಂತೆ. ಹೆಸರು ಬರೆಸಿಕೊಂಡವರ ಗತಿ ಯಾರು ಕೇಳಬೇಕು?

ಅಂದಿನ ಪಾಠ ಮಾತುಗಾರರದು. ಟಾಕೆಟಿವ್ ಅಂದರೆ ಮಾತು ಹೆಚ್ಚು, ಚಾಟರ್‌ಬಾಕ್ಸ್ ಅಂದರೆ ಬಾಯಿಬಡಕಿ, ಗ್ಯಾರುಲಸ್ ಅಂದರೆ ಬೇಡದ್ದನ್ನೇ ಕೊರೆಯುವವರು, ಎಲೊಕ್ವೆಂಟ್ ಅಂದರೆ ಸೊಗಸಾಗಿ ಮಾತಾಡುವವರು. ಮೊದಲ ಮೂರರ ಕೆಳಗೂ ಕಸ್ತೂರಿಯ ಹೆಸರೇ ಬಿತ್ತು. ಕೊನೆಯದರ ಕೆಳಗೆ ಸರ್ ಹೆಸರು. ಎಲ್ಲರೂ ನಕ್ಕರು, ಕಸ್ತೂರಿಯೂ ನಕ್ಕಳು.

ಅವಳು ಬಳೆಗಾರರ ಮನೆಯ ಹುಡುಗಿ. ಕಣ್ಣಿನ ಆಸ್ಪತ್ರೆಯಲ್ಲಿ ಬಂದವರನ್ನು ವಿಚಾರಿಸುವ ಕೆಲಸಕ್ಕೆ ಸಂದರ್ಶನವಿತ್ತು. ಅದಕ್ಕೇ ಕ್ಲಾಸಿಗೆ ಬರುತ್ತಿದ್ದಳು. ಆ ಶನಿವಾರದಿಂದ ಬಾಯಿಗೆ ಬೀಗ ಬಿತ್ತು. ಸರ್ ಏನು ಕೇಳಿದರೂ "ಯೆಸ್ ಸರ್, ನೋ ಸರ್" ಅಷ್ಟೇ. ಹೀಗಾದರೆ ಕೆಲಸ ಕೈ ತಪ್ಪುತ್ತದೆಂದು ನನಗೆ ಸಂಕಟ. ಬರೆದವರು ಅವರಾದರೂ ಹೊತ್ತವನು ನಾನಲ್ಲವೇ?

ಅಷ್ಟರಲ್ಲಿ ಜೊತೆಗೆ ಕಲಿಯುತ್ತಿದ್ದ ಪಾರ್ವತಿಯ ಮದುವೆ ಗೊತ್ತಾಯಿತು. ಕಸ್ತೂರಿ ಕ್ಲಾಸಿಗೇ ಬಳೆ ತಂದು ಅವಳ ಕೈಗೆ ತೊಡಿಸಲು ಕುಳಿತಳು. ತುಟಿ ಬಿಚ್ಚಲಿಲ್ಲ. ಬಳೆ ಗೆಣ್ಣಿನ ಮೇಲೆ ಸಿಕ್ಕಿ ಚಟ್ಟನೆ ಒಡೆಯಿತು. ಮದುಮಗಳ ಬಳೆ ಒಡೆದದ್ದಕ್ಕೆ ಎಲ್ಲರ ಮುಖ ಸಪ್ಪಗಾಯಿತು.

"ನಿಮ್ಮವ್ವ ಮಾತಾಡ್ಕೋತ ಬಳಿ ಇಡಸ್ತಾಳ," ಎಂದಳು ಪಾರ್ವತಿ. "ಕೈ ಯಾವಾಗ ಸಡ್ಲಾತು, ಬಳಿ ಯಾವಾಗ ಏರಿತು ಗೊತ್ತ ಆಗಂಗಿಲ್ಲ. ನೀ ಹಿಂಗ ಸುಮ್ನ ಕುಂತ್ರ ನನ್ನ ಕೈ ಬಿಗಿತೈತಿ."

"ಬಾಯಿಬಡಕಿ ಅಂತ ನೀನೂ ಬರದಿದ್ದಿ ಅಲ್ಲ?"

"ಬರದಿದ್ದೆ. ತಪ್ಪಾತವಾ. ಈಗ ಏನರ ಮಾತಾಡ."

ಕಸ್ತೂರಿ ಅತ್ತಳು. ಅಳುತ್ತಲೇ ಪಾರ್ವತಿಯ ಅತ್ತೆ, ನಾದಿನಿಯರನ್ನು ಆಡಿಕೊಳ್ಳತೊಡಗಿದಳು. ಎರಡೂ ಕೈ ತುಂಬುವ ಹೊತ್ತಿಗೆ ಕ್ಲಾಸೆಲ್ಲ ನಗುತ್ತಿತ್ತು. ಸರ್ ಮಾತ್ರ ಡಸ್ಟರ್ ಹಿಡಿದು ನನ್ನ ಕಡೆ ತಿರುಗಿ ನಿಂತಿದ್ದರು. ಹೆಸರು ಬರೆಸುವ ಪದ್ಧತಿ ಅಂದಿಗೆ ಮುಗಿಯಿತು.

ಕಸ್ತೂರಿಗೆ ಕೆಲಸ ಸಿಕ್ಕಿತು. ಎಷ್ಟೋ ವರ್ಷದ ಮೇಲೆ ಕ್ಲಾಸಿಗೆ ಬಿಳಿ ಬೋರ್ಡು ಬಂತು. ಗುಜರಿಗೆ ಹೊರಟ ನನ್ನನ್ನು ಅವಳೇ ಆಸ್ಪತ್ರೆಗೆ ತಂದಳು. ಈಗ ಆಪರೇಷನ್ ಕೋಣೆಯ ಹೊರಗೆ ಗೋಡೆಗೊರಗಿದ್ದೇನೆ. ಡಾಕ್ಟರು ಬರುವ ಸಮಯ ನನ್ನ ಮೇಲಿದೆ, ಓದುವವರಿಲ್ಲ. ಎದುರಿನ ಬೆಂಚಿನಲ್ಲಿ ಕೆಲವರ ಕಣ್ಣಿಗೆ ಪಟ್ಟಿ, ಕೆಲವರು ಔಷಧ ಹಾಕಿಸಿಕೊಂಡು ಕಣ್ಣು ಮುಚ್ಚಿದವರು. ಎಲ್ಲರಿಗೂ ಒಳಗೊಳಗೇ ಹೆದರಿಕೆ. ಅವರ ನಡುವೆ ಕಸ್ತೂರಿಯ ಮಾತು ನಡೆದೇ ಇರುತ್ತದೆ, ಯಾರದೋ ಮಗಳ ಬಾಣಂತನ, ಯಾರದೋ ಎಮ್ಮೆಯ ಸುದ್ದಿ. ನೀರು ಕುಡಿಯಲು ಅವಳೊಂದು ಗಳಿಗೆ ನಿಲ್ಲಿಸಿದರೆ ಸಾಕು, ಬೆಂಚಿನ ಮೇಲಿನ ಮುಖಗಳೆಲ್ಲ ಅವಳನ್ನು ಹುಡುಕುತ್ತ ತಿರುಗುತ್ತವೆ.