ಓಕ್ ಮರದಡಿಯ ಮಡಿ

ನರ್ಸರಿಯಲ್ಲಿ ಪೈನ್ ಸಸಿ ಕೆಟ್ಟರೆ ಮೇಸ್ತ್ರಿ ಮಣ್ಣು ನೋಡುತ್ತಿರಲಿಲ್ಲ, ಸಸಿಮಡಿಗೆ ಸಿಕ್ಕಿಸಿದ ಹೆಸರಿನ ಚೀಟಿ ನೋಡುತ್ತಿದ್ದ. ಬಿತ್ತಿದವರ ಕೈಗುಣ ಸರಿಯಿಲ್ಲ ಅನ್ನುವುದೇ ಅವನ ತೀರ್ಮಾನ. ಹೋದ ವರ್ಷ ಬೇಲಿಯಂಚಿನ ಓಕ್ ಮರಗಳ ಕೆಳಗೆ ನನ್ನಕ್ಕ ಬಿತ್ತಿದ್ದ ಸಸಿಗಳ ಕಾಂಡ ಗಂಟುಗಟ್ಟಿ ಊದಿಕೊಂಡಿತು. ಓಕ್ ಎಲೆಯ ತಳದಲ್ಲಿ ಕಿತ್ತಳೆ ಬಣ್ಣದ ಪುಡಿಯಿತ್ತು, ಅದೇ ಹಾರಿ ಬಂದು ರೋಗ ತಂದಿದೆ ಎಂದು ಅಕ್ಕ ಹೇಳಿದಳು. ಅವನು ಎಲ್ಲರೆದುರು ನಕ್ಕ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

ಅವತ್ತೇ ಅವಳನ್ನು ಕೆಲಸದಿಂದ ತೆಗೆದ. ಆಮೇಲೆ ಯಾವ ನರ್ಸರಿಯವರೂ ಅವಳ ಕೈಗೆ ಬೀಜ ಕೊಡಲಿಲ್ಲ.

ನಾನು ಅಲ್ಲೇ ಉಳಿದೆ. ಬಾಯಿಲ್ಲದವಳೆಂದು ನನ್ನನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಸುಮ್ಮನೆ ನೋಡುತ್ತಿದ್ದೆ. ಓಕ್ ಪಕ್ಕದ ಸಸಿಗಳಿಗೆ ಮಾತ್ರ ಗಂಟು. ದೂರದ ಮೇಪಲ್ ಸಾಲಿನ ಪಕ್ಕದವು ಗುಂಡುಕಲ್ಲಿನ ಹಾಗಿದ್ದವು.

ಈ ವರ್ಷ ದೊಡ್ಡ ಸಾಹೇಬರಿಗೆ ತೋರಿಸಲು ಮೇಸ್ತ್ರಿ ತಾನೇ ಒಂದು ಮಡಿ ಬಿತ್ತುತ್ತೇನೆಂದ. ಎಲ್ಲರೂ ಊಟಕ್ಕೆ ಕೂತಿದ್ದಾಗ, ಅಕ್ಕನ ಮಡಿ ಖಾಲಿಯಿದೆ ಎಂದೆ. ಅವನ ತುತ್ತು ಅಲ್ಲೇ ನಿಂತಿತು. ಬೀಜ ಆರಿಸುವ ಅಜ್ಜಿ ಕೆಣಕಿದಳು.

"ಯಾಕಪ್ಪಾ, ಪುಕ್ಕಲಾ? ಕೈಗುಣ ಇರೋನಿಗೆ ಜಾಗ ಏನು ಮಾಡುತ್ತೆ?"

ಹಿಂಜರಿದರೆ ಅಕ್ಕನ ಮಾತು ಒಪ್ಪಿದಂತೆ. ಅವನು ಅಲ್ಲೇ ಬಿತ್ತಿದ, ಚೀಟಿಯ ಮೇಲೆ ತನ್ನ ಹೆಸರನ್ನು ದಪ್ಪಗೆ ಬರೆದ. ದಿನಾ ನೀರು ಹಾಕಿದವಳು ನಾನೇ. ಒಂದು ಹನಿಯೂ ಕಡಿಮೆ ಮಾಡಲಿಲ್ಲ. ಮೊಳಕೆ ಬಂದಾಗ ಒಂದು ಓಕ್ ಎಲೆ ಮಗುಚಿ ನೋಡಿದೆ. ಪುಡಿಯಿತ್ತು. ಹೊಟ್ಟೆ ತಣ್ಣಗಾಯಿತು.

ಚಳಿಗಾಲಕ್ಕೆ ಸಾಹೇಬರು ಬಂದರು. ಊದಿದ ಕಾಂಡವನ್ನು ಸೀಳಿ ನೋಡಿ, ಮೇಲಿನ ಮರ ನೋಡಿ, ಓಕ್ ಕೆಳಗೆ ಪೈನ್ ಬಿತ್ತಿದ ಮಹಾನುಭಾವ ಯಾರೆಂದು ಕೇಳಿದರು. ಚೀಟಿಯೇ ಹೇಳುತ್ತಿತ್ತು. ಹೋದ ವರ್ಷ ಅಕ್ಕ ಇದನ್ನೇ ಹೇಳಿದ್ದಕ್ಕೆ ಕೆಲಸ ಕಳೆದುಕೊಂಡಳೆಂದು ನಾನು ಹೇಳಿದೆ. ನಾಳೆಯೇ ಅವಳನ್ನು ಕರೆಸಿ, ಇನ್ನು ಮಡಿಯ ಜಾಗ ಅವಳೇ ಗುರುತು ಮಾಡಲಿ ಎಂದರು ಸಾಹೇಬರು.

ರೋಗದ ಸಸಿಗಳನ್ನು ಕಿತ್ತು ಸುಡುವ ಕೆಲಸ ಮೇಸ್ತ್ರಿಗೂ ನನಗೂ ಬಂತು. ಮೇಸ್ತ್ರಿ ಮೆಲ್ಲಗೆ ಕೇಳಿದ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು, ಮೇಸ್ತ್ರಿ."

"ಒಂದು ಮಾತು ಹೇಳ್ಬಾರ್ದಿತ್ತಾ?"

"ಅಕ್ಕ ಹೇಳಿದ್ಲಲ್ಲ."

ಪಾಪ ಅನ್ನಿಸಿದ್ದು ಸಸಿಗಳ ಬಗ್ಗೆ ಮಾತ್ರ. ನಾನು ಬುಟ್ಟಿ ಹಿಡಿದು ನಿಂತೆ. ಕೊನೆಯ ಸಸಿಯವರೆಗೂ ಅವನೇ ಬಗ್ಗಿ ಕಿತ್ತ.