ಬಾರಿಸದ ಗಂಟೆ

ವಾಯುನೆಲೆಯ ಬೆಂಕಿ ಆರಿಸುವ ಲಾರಿ ಓಡಿಸುತ್ತಿದ್ದವನನ್ನು ಎಲ್ಲರೂ ಗಂಟೆಯಪ್ಪ ಎಂದೇ ಕರೆಯುತ್ತಿದ್ದರು. ಲಾರಿ ಷೆಡ್ಡಿನಿಂದ ಹೊರಬಿದ್ದರೆ ಸಾಕು, ಹಿತ್ತಾಳೆ ಗಂಟೆಯ ಹಗ್ಗ ಜಗ್ಗಿ ಸತ್ತವರನ್ನೂ ಎಬ್ಬಿಸುವುದು ಅವನ ಚಾಳಿ. ಸೀದ ಬಾಣಲೆಯ ಹೊಗೆಗೂ ಅದೇ ಗಂಟೆ, ಬಾಂಬಿಗೂ ಅದೇ ಗಂಟೆ. ಯುದ್ಧ ಮುಗಿದು ವರ್ಷಗಳಾಗಿದ್ದವು, ಅವನ ಕೈಗೆ ಮಾತ್ರ ಯಾರೂ ಆ ಸುದ್ದಿ ಮುಟ್ಟಿಸಿರಲಿಲ್ಲ.

ಅವನಿಗೊಬ್ಬಳೇ ಮಗಳು. ಹೋಗಿ ಹೋಗಿ ಅವಳು ಪೈಲಟ್ ಒಬ್ಬನನ್ನು ಮೆಚ್ಚಿ ಮದುವೆಯಾದಳು. "ನೆಲದ ಮೇಲೆ ಕಾಲಿಟ್ಟು ದುಡಿಯೋ ಗಂಡು ಒಬ್ಬನೂ ಸಿಗ್ಲಿಲ್ವೇನೇ ನಿಂಗೆ?" ಎಂದು ಅಪ್ಪ ಮೂಗು ಮುರಿದಿದ್ದ. ಅಳಿಯ ಹಾರಿಸುವ ಹೊಸ ಯುದ್ಧವಿಮಾನವನ್ನು ಕಂಡರಂತೂ ಅವನಿಗೆ ಆಗುತ್ತಲೇ ಇರಲಿಲ್ಲ. ಮೂತಿಯಲ್ಲಿ ತಿರುಗುವ ಪಂಖವಿಲ್ಲ, ಹಿಂದಿನಿಂದ ಬೆಂಕಿ ಉಗುಳುತ್ತದೆ, ಅದೂ ಒಂದು ವಿಮಾನವೇ? "ಬೆಂಕಿ ಆರಿಸೋನ ಮನೆಗೆ ಬಾಲಕ್ಕೆ ಬೆಂಕಿ ಹಚ್ಕೊಂಡು ಹಾರೋ ಅಳಿಯ" ಎಂದು ಗೊಣಗುತ್ತಿದ್ದ. ಆದರೆ ಆ ಅಳಿಯ ಇಳಿಯುವ ತನಕ ಮುಂದಿಟ್ಟ ಚಹಾ ಮುಟ್ಟುತ್ತಿರಲಿಲ್ಲ.

ಮಗಳೀಗ ತುಂಬು ಬಸುರಿ. ಹಿಂದೊಮ್ಮೆ ಇದೇ ಗಂಟೆ ಕೇಳಿ ಗಾಬರಿಯಿಂದ ಓಡಿ, ಬಿದ್ದು, ಮೊದಲ ಬಸಿರು ಕಳೆದುಕೊಂಡಿದ್ದಳು. ಅಂದು ಕೆಟ್ಟದ್ದು ಬೇರೆ ಯಾರದೋ ವಿಮಾನ. ಈ ಸಲ ಗಾಬರಿಯಾಗುವಂಥದ್ದು ಏನೂ ಕಿವಿಗೆ ಬೀಳಬಾರದೆಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. "ಗಂಟೆ ಕೇಳಿಸ್ಲಿಲ್ಲ ಅಂದ್ರೆ ನಿನ್ ಗಂಡ ಸುಖವಾಗಿ ಇಳ್ದ ಅಂತ ತಿಳ್ಕೋ" ಎಂದು ಅಪ್ಪ ಅವಳಿಗೆ ಧೈರ್ಯ ತುಂಬಿದ್ದ.

ಒಂದು ಬೆಳಿಗ್ಗೆ ಟವರಿನಿಂದ ಫೋನ್ ಬಂತು. ಅಳಿಯನ ವಿಮಾನದ ಎಡಚಕ್ರ ಹೊಟ್ಟೆಯೊಳಗೇ ಸಿಕ್ಕಿಕೊಂಡಿದೆ, ಏನು ಮಾಡಿದರೂ ಇಳಿಯುತ್ತಿಲ್ಲ. ವಿಮಾನ ಬಿಟ್ಟು ಧುಮುಕು ಎಂದರೆ ಕೇಳುತ್ತಿಲ್ಲ, ಕೆಳಗೆ ಊರಿದೆ ಅನ್ನುತ್ತಾನೆ. ಎಣ್ಣೆಯೂ ತೀರುತ್ತ ಬಂದಿದೆ.

ಗಂಟೆಯಪ್ಪ ಲಾರಿಗೆ ಹಾರಿ ಕೂತ. ಲಾರಿ ಹೊರಟಿತು. ರನ್‌ವೇಗೆ ಹೋಗುವ ದಾರಿ ಮಗಳ ಕ್ವಾರ್ಟರ್ಸಿನ ಮುಂದೆಯೇ. ಕೈ ತಾನಾಗಿ ಹಗ್ಗಕ್ಕೆ ಹೋದದ್ದು ಅಲ್ಲೇ ನಿಂತಿತು.

ಪಕ್ಕದಲ್ಲಿ ಕೂತಿದ್ದ, ನೀರಿನ ಪೈಪು ಹಿಡಿಯುವ ಡೊಳ್ಳ ಕೂಗಿದ: "ಅಣ್ಣಾ, ಗಂಟೆ!"

"ಬೇಡ."

"ಬಾರಿಸ್ದೆ ಹೋದ್ರೆ ಸಾಹೇಬ್ರು ಸುಮ್ನೆ ಬಿಡ್ತಾರಾ?"

"ಬಿಡ್ದಿದ್ರೆ ಕೆಲ್ಸ ತೆಗೀಲಿ. ಮಗ್ಳು ಕೇಳಿಸ್ಕೊಳ್ತಾಳೆ ಕಣೋ."

ಲಾರಿ ಕಳ್ಳಬೆಕ್ಕಿನಂತೆ ಆ ಮನೆ ದಾಟಿತು.

ವಿಮಾನ ಬಂತು. ಬಲಚಕ್ರವೊಂದೇ ನೆಲ ಮುಟ್ಟಿತು, ಎಡರೆಕ್ಕೆಯ ಕೆಳಗೆ ಬರೀ ಗಾಳಿ. ಇದೀಗ ವಾಲುತ್ತದೆ, ಇದೀಗ ಮಗುಚುತ್ತದೆ ಎಂದು ಗಂಟೆಯಪ್ಪ ಲಾರಿಯನ್ನು ಪಕ್ಕದಲ್ಲೇ ಓಡಿಸಿದ. ಅದು ವಾಲಲಿಲ್ಲ. ಅಷ್ಟು ದೊಡ್ಡ ಲೋಹದ ಮೈ ಒಂಟಿಗಾಲಿನಲ್ಲಿ, ಗೆರೆ ಎಳೆದ ಹಾಗೆ ನೆಟ್ಟಗೆ ಓಡಿತು. ಆ ಗಾಳಿಗೆ ಅಳಿಯ ಅದೇನು ಹೇಳಿ ಒಪ್ಪಿಸಿದನೋ, ಗಾಳಿ ರೆಕ್ಕೆಯನ್ನು ಹೊತ್ತೇ ಇತ್ತು! ಲಾರಿ ಹಿಂದೆ ಬಿತ್ತು. ಗಂಟೆಯಪ್ಪನಿಗೆ ಹೆದರಿಕೆಯೂ ಮರೆತುಹೋಯಿತು, ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮನುಷ್ಯನಾದವನು ಹೀಗೂ ಮಾಡಬಲ್ಲನೇ ಎಂದು ಅವನ ಮೈಯೆಲ್ಲ ಜುಮ್ಮೆಂದಿತು.

ವೇಗ ತಗ್ಗಿದಾಗ ರೆಕ್ಕೆ ಮೆಲ್ಲಗೆ ಇಳಿಯಿತು, ನಿದ್ದೆಹೋದ ಮಗುವನ್ನು ತಾಯಿ ಹಾಸಿಗೆಗೆ ಇಳಿಸುವ ಹಾಗೆ. ಆಮೇಲೆ ಕಿಡಿ ಹಾರಿತು, ವಿಮಾನ ಗಿರ್ರನೆ ತಿರುಗಿ ಹುಲ್ಲಿಗೆ ಇಳಿದು ನಿಂತಿತು. ಡೊಳ್ಳ ಪೈಪು ಹಿಡಿದು ನೊರೆ ಸುರಿದ. ಹೊಗೆಯೊಳಗಿಂದ ಅಳಿಯ ಕೆಮ್ಮುತ್ತ ಹೊರಬಂದ.

"ಚಹಾ ಆರಿ ತಣ್ಣಗಾಯ್ತೇನೋ, ಮಾವ?" ಎಂದ.

ಗಂಟೆಯಪ್ಪ ಅವನನ್ನು ತಬ್ಬಿಕೊಂಡ. "ಇಂಥದ್ದನ್ನ ನಾನು ಯುದ್ಧದಲ್ಲೂ ನೋಡಿಲ್ಲ ಕಣಪ್ಪಾ" ಎಂದ. ಆಮೇಲೆ ಕಿವಿಯಲ್ಲಿ ಹೇಳಿದ: "ಅವ್ಳಿಗೇನೂ ಗೊತ್ತಿಲ್ಲ. ಗಂಟೆ ಬಾರಿಸಿಲ್ಲ ನಾನು. ನೀನೂ ಬಾಯಿ ಬಿಡ್ಬೇಡ."

ಲಾರಿಯಲ್ಲೇ ಮನೆಗೆ ಬಂದರು. ಮಗಳು ಬೇಲಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಗಂಡನ ಒದ್ದೆ ಅಂಗಿ, ಹಿಂಡಿ ಹಿಂಡಿ ಹಗ್ಗವಾಗಿತ್ತು.

"ಏನಮ್ಮಾ, ಬಟ್ಟೆ ಒಗೀತಿದ್ಯಾ? ಇವ್ನು ಬೇಗ ಇಳ್ದ, ಅದಕ್ಕೇ ಹಾಗೇ ಕರ್ಕೊಂಡ್ ಬಂದೆ" ಎಂದು ಅಪ್ಪ ನಗಲು ನೋಡಿದ.

"ಸುಳ್ಳು ಹೇಳೋದು ನಿಂಗೆ ಯಾವತ್ತೂ ಬರಲ್ಲಪ್ಪ" ಎಂದಳು ಮಗಳು. "ಬಾಣಲೆ ಸೀದ್ರೂ ಗಂಟೆ ಬಾರಿಸೋನು ನೀನು. ನಮ್ಮನೆ ಮುಂದೆ ಲಾರಿ ಸದ್ದಿಲ್ದೆ ಹೋಯ್ತು. ಮೇಲಿರೋದು ಯಾರು ಅಂತ ನಂಗೆ ಗೊತ್ತಾಗ್ಲಿಲ್ವಾ?"

ಗಂಟೆಯಪ್ಪ ಮುಚ್ಚಿಟ್ಟದ್ದೇ ಮನೆ ಬಾಗಿಲಿಗೆ ಹೋಗಿ ಸುದ್ದಿ ಹೇಳಿಬಂದಿತ್ತು.

"ನೀನು... ಓಡ್ಲಿಲ್ವಾ?" ಎಂದ ಸಣ್ಣ ದನಿಯಲ್ಲಿ.

"ಹೋದ್ಸಲ ಓಡಿದ್ನಲ್ಲ. ಈ ಸಲ ಬೇಲಿ ಹಿಡ್ಕೊಂಡು ರನ್‌ವೇ ಕಡೆ ನೋಡ್ತಾ ನಿಂತೆ. ಇವ್ರು ಒಂದು ಕಾಲಲ್ಲಿ ಅಷ್ಟು ಹೊತ್ತು ನಿಂತಿರೋವಾಗ, ನಾನು ಎರಡು ಕಾಲಲ್ಲಿ ನಿಲ್ಲೋಕಾಗಲ್ವಾ ಅಂದ್ಕೊಂಡೆ."

ಅಳಿಯ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಗಿ ತೆಗೆದುಕೊಂಡ. ಗಂಟೆಯಪ್ಪ ಮಗಳನ್ನೇ ನೋಡುತ್ತಿದ್ದ. ರನ್‌ವೇಯಲ್ಲಿ ಕಂಡದ್ದೇ ಬೆರಗು ಅಂದುಕೊಂಡಿದ್ದ, ಅದಕ್ಕಿಂತ ದೊಡ್ಡದು ಬೇಲಿಯ ಪಕ್ಕದಲ್ಲಿ ನಿಂತಿತ್ತು.

"ಈಗ ಬಾರ್ಸಪ್ಪಾ" ಎಂದಳು ಅವಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಇವ್ನೂ ಕೇಳ್ಲಿ."

ಗಂಟೆಯಪ್ಪ ಲಾರಿ ಹತ್ತಿ ಎರಡೂ ಕೈಯಲ್ಲಿ ಹಗ್ಗ ಜಗ್ಗಿದ. ಬೆಂಕಿ ಎಲ್ಲಿ, ಬೆಂಕಿ ಎಲ್ಲಿ ಎನ್ನುತ್ತ ಬಕೆಟ್ ಹಿಡಿದು ಕ್ವಾರ್ಟರ್ಸಿನವರೆಲ್ಲ ಓಡಿಬಂದರು. ಅವನು ಬಾರಿಸುವುದನ್ನು ನಿಲ್ಲಿಸಲಿಲ್ಲ.